ಕಿತ್ತ ಕೈ ಯಾರದು

ಸೋಮವಾರ, ಜನವರಿ 8

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಇಂದು ನನಗೆ ಸೋಮವಾರದ ಉಪವಾಸ. ಮನೆ ಗುಡಿಸಿ ಒರೆಸಿ, ಕೊಡಗಳಿಗೆ ನೀರು ತುಂಬಿ, ದೇವರ ಮುಂದೆ ದೀಪ ಹಚ್ಚಿ, ನಿನ್ನ ಭಾವನಿಗೆ ಬುತ್ತಿ ಕಟ್ಟಿ ಕೆಲಸಕ್ಕೆ ಕಳಿಸಿ, ಹೊಲಿಗೆ ಮಿಷನ್ನಿಗೆ ಎರಡು ಹನಿ ಎಣ್ಣೆ ಬಿಟ್ಟು ಈಗ ನಿನಗೆ ಬರೆಯಲು ಕೂತಿದ್ದೇನೆ. ಅಕ್ಕ ಫೋನು ಬಿಟ್ಟು ಕಾಗದ ಹಿಡಿದಳಲ್ಲ ಎಂದು ನೀನು ನಗಬಹುದು. ಕಾರಣ ಹೇಳುತ್ತೇನೆ, ಆಮೇಲೂ ನಗು ಬಂದರೆ ನಗು.

ಹೋದ ಸಲ ಫೋನಿನಲ್ಲಿ ನೀನು, "ಅಕ್ಕಾ, ಬಾಯಲ್ಲಿ ಏನಿಟ್ಕೊಂಡಿದ್ದೀಯ? ನುಂಗಿ ಮಾತಾಡು" ಎಂದೆ. ನನ್ನ ಬಾಯಲ್ಲಿ ಏನೂ ಇರಲಿಲ್ಲ ತಮ್ಮಾ. ಕೆಳತುಟಿಯ ಬಲಭಾಗ, ಗದ್ದ, ನಾಲಿಗೆಯ ಬಲ ಅಂಚು, ಇವು ನವೆಂಬರಿನಿಂದ ನನ್ನವಲ್ಲ. ಮುಟ್ಟಿದರೆ ಇನ್ನಾರದೋ ಬಾಯಿ ಮುಟ್ಟಿದ ಹಾಗೆ ಇರುತ್ತದೆ. ನೀರು ಕುಡಿದರೆ ಒಂದು ಕಡೆಯಿಂದ ಸೋರುತ್ತದೆ. ನಿನ್ನ ಭಾವನಿಗೆ ಮೊದಲೇ ಕಿವಿ ಮಂದ, ಈಗ ನನಗೆ ತುಟಿ ಮಂದ. ನಮ್ಮ ಸಂಸಾರ ಕೈಸನ್ನೆಯಲ್ಲಿ ನಡೆಯುತ್ತಿದೆ.

ಆದದ್ದು ಇಷ್ಟು. ಬಲಗಡೆ ಕೆಳಗಿನ ಕೊನೆಯ ದವಡೆ ಹಲ್ಲು ತಲೆ ಹಾರಿಹೋಗುವ ಹಾಗೆ ನೋಯುತ್ತಿತ್ತು. ನೀನೇ ಹಲ್ಲಿನ ಡಾಕ್ಟರು, ನಿನ್ನ ಹತ್ತಿರ ಬರಬೇಕಿತ್ತು. ಆದರೆ ಒಂದು ಮದುವೆ ಮನೆಯವರ ಬಟ್ಟೆಯೆಲ್ಲ ಕತ್ತರಿಸಿ ಹರಡಿಕೊಂಡು ಕೂತಿದ್ದೆ, ಬಿಟ್ಟು ಬರುವ ಹಾಗಿರಲಿಲ್ಲ. ಸಂತೆ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಬೀದಿಯವರೆಲ್ಲ ಅವರನ್ನು ಗಡಿಯಾರದ ಡಾಕ್ಟರು ಎನ್ನುತ್ತಾರೆ, ರೋಗಿಯ ಬಾಯಿಗಿಂತ ಹೆಚ್ಚಾಗಿ ಕೈಗಡಿಯಾರ ನೋಡುತ್ತಾರೆ ಎಂದು. ಹಲ್ಲಿನ ಎಕ್ಸ್‌ರೇ ಫೋಟೋ ತೆಗೆಸಬೇಕಾ ಎಂದು ನಾನೇ ಕೇಳಿದೆ. "ಏನೂ ಬೇಡ, ಸಲೀಸು ಹಲ್ಲು" ಎಂದರು. ಇಂಜೆಕ್ಷನ್ ಕೊಟ್ಟರು, ಗಡಿಯಾರ ನೋಡಿದರು, ಹೊರಗೆ ಹೋದರು. ಆಮೇಲೆ ಬಂದವನು ಹಿಂದಿನ ಕೋಣೆಯಲ್ಲಿ ಹಲ್ಲುಸೆಟ್ಟು ಉಜ್ಜುತ್ತಾ ಕೂತಿದ್ದ ಆಳು. ಕೈತುಂಬ ಬಿಳಿ ಪುಡಿ. ತೊಳೆದುಕೊಂಡ, ಸುಳ್ಳು ಹೇಳಬಾರದು.

"ಬಾಯಿ ದೊಡ್ಡದಾಗಿ ತೆಗೀರಮ್ಮ."

"ಡಾಕ್ಟ್ರು ಎಲ್ಲಿ?"

"ಬರ್ತಾರೆ, ಬರ್ತಾರೆ. ನೀವು ಬಾಯಿ ತೆಗೀರಿ."

ಡಾಕ್ಟರು ಬಂದದ್ದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಆ ಮಹಾರಾಯ ಕುರ್ಚಿಗೆ ಮೊಣಕಾಲು ಕೊಟ್ಟು, ಬೇರು ಬಿಟ್ಟ ಮೊಳೆ ಕೀಳುವ ಹಾಗೆ ಅಲ್ಲಾಡಿಸಿ, ಒಳಗೆ ಏನೋ ಕಟಕಟ ಎಂದು, ನನ್ನ ಕಣ್ಣಲ್ಲಿ ಕತ್ತಲೆ ಬಂದಿತ್ತು. "ಆಯ್ತಲ್ಲ, ಹತ್ತಿ ಕಚ್ಕೊಳ್ಳಿ" ಎಂದು ಡಾಕ್ಟರು ಗಡಿಯಾರ ನೋಡಿಕೊಂಡರು. ಮರಗಟ್ಟಿದ್ದು ಸಂಜೆಗೆ ಬಿಡುತ್ತದೆ ಎಂದರು. ಆಮೇಲೆ ವಾರ ಎಂದರು, ಆಮೇಲೆ ತಿಂಗಳು ಎಂದರು, ಕೊನೆಗೆ "ವಯಸ್ಸಾಯ್ತಲ್ಲಮ್ಮಾ" ಎಂದರು. ಐವತ್ತಕ್ಕೆ ಅರ್ಧ ತುಟಿಗೆ ಮಾತ್ರ ವಯಸ್ಸಾಗುತ್ತದೆಯೇ?

ನನ್ನ ಕೆಲಸ ನಿನಗೆ ಗೊತ್ತು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಹಿಡಿದುಕೊಂಡೇ ಅಳತೆ ಕೂರಿಸುವವಳು ನಾನು. ಹೋದ ವಾರ ಒಂದು ಪಿನ್ನು ತುಟಿಗೆ ಚುಚ್ಚಿಕೊಂಡಿದೆ, ನನಗೆ ತಿಳಿದೇ ಇಲ್ಲ. ಗಿರಾಕಿಯ ಬಿಳಿ ಬಟ್ಟೆಯ ಮೇಲೆ ರಕ್ತ ಬಿದ್ದ ಮೇಲೆ ಅವಳು ಕಿರುಚಿದಳು, ಆಗ ತಿಳಿಯಿತು. ಸಂಜೆ ಸ್ತೋತ್ರ ಹೇಳಲು ಕೂತರೆ ಅಕ್ಷರಗಳು ಜಾರುತ್ತವೆ. ದೇವರಿಗೆ ಅರ್ಥವಾಗುತ್ತದೆ, ಅವನ ಕಿವಿ ಚೆನ್ನಾಗಿದೆ. ನನಗೇ ನನ್ನ ಸ್ತೋತ್ರ ಅರ್ಥವಾಗುವುದಿಲ್ಲ.

ನಿಮ್ಮ ದಂತವೈದ್ಯ ಪರಿಷತ್ತಿಗೆ ದೂರು ಬರೆದು ಕಳಿಸಿದ್ದೇನೆ. ಹಣ ಕೇಳಿಲ್ಲ. ಡಾಕ್ಟರಿಕೆ ಓದದ, ಹೆಸರು ದಾಖಲು ಮಾಡಿಸದ ಒಬ್ಬನ ಕೈಗೆ ನನ್ನ ಬಾಯಿ ಕೊಟ್ಟರಲ್ಲ, ಅದನ್ನು ಕೇಳಿ, ನಿಲ್ಲಿಸಿ ಎಂದಿದ್ದೇನೆ. ತಪ್ಪು ಮಾಡಿದ ಡಾಕ್ಟರನ್ನು ವಿಚಾರಿಸುವ ಸಮಿತಿಯಲ್ಲಿ ನೀನೇ ಇದ್ದೀಯಲ್ಲ, ನನಗೇನು ಭಯ?

ಇಂತು,
ನಿನ್ನ ಅಕ್ಕ


ಜನವರಿ 20

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರ ಓದಿ ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ಫೋನಿನಲ್ಲಿ ಕೇಳಿದ ತಕ್ಷಣ ಹೊಳೆಯಬೇಕಿತ್ತು. ಮೊದಲು ಬಂದು ನನಗೆ ತೋರಿಸು. ದವಡೆಯೊಳಗೆ ಹಾದುಹೋಗುವ ನರಕ್ಕೂ ನಾಲಿಗೆಯ ಪಕ್ಕದ ನರಕ್ಕೂ ಪೆಟ್ಟು ಬಿದ್ದಿದೆ. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಸುಳ್ಳು ಭರವಸೆ ಕೊಡಲಾರೆ.

ದೂರಿನ ವಿಷಯ. ಅದು ಮೊದಲು ಪರಿಶೀಲನಾ ಸಮಿತಿಗೆ ಹೋಗುತ್ತದೆ. ಅದರಲ್ಲಿ ಹುರುಳಿದೆ ಎಂದು ಅವರಿಗೆ ಕಂಡರೆ ಶಿಸ್ತು ಸಮಿತಿಗೆ ಬರುತ್ತದೆ. ನಾವು ಐವರು ಎರಡೂ ಕಡೆಯವರನ್ನು ಕೂರಿಸಿ ಕೇಳುತ್ತೇವೆ. ಎಚ್ಚರಿಕೆ ಕೊಡಬಹುದು, ಕೆಲಕಾಲ ಕೆಲಸ ನಿಲ್ಲಿಸಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಹೆಸರು ಹೋದ ಮೇಲೆ ಅವರು ಯಾರ ಬಾಯಿಗೂ ಕೈ ಹಾಕುವಂತಿಲ್ಲ. ಕೊನೆಯ ಒಪ್ಪಿಗೆ ಇಡೀ ಪರಿಷತ್ತಿನದು.

ನಾನು ಆ ಐವರಲ್ಲಿ ಇದ್ದೇನೆ ಎನ್ನುವುದೇ ತೊಡಕು. ದೂರು ಕೊಟ್ಟವರು ಸದಸ್ಯನ ಸಂಬಂಧಿಯಾದರೆ ಅವನು ಎದ್ದು ಹೊರಗೆ ಹೋಗಬೇಕು. ಇದು ನಿಯಮ, ಒಳ್ಳೆಯ ನಿಯಮ. ನಿನ್ನ ಸರದಿ ಬಂದಾಗ ನಾನು ಕೋಣೆಯಲ್ಲಿ ಇರುವುದಿಲ್ಲ. ಏನಾಯಿತೆಂದು ಯಾರನ್ನೂ ಕೇಳುವುದೂ ಇಲ್ಲ. ನೀನೂ ಇನ್ನು ಮುಂದೆ ದೂರಿನ ಬಗ್ಗೆ ನನಗೆ ಬರೆಯಬೇಡ. ಬಾಯಿಯ ಬಗ್ಗೆ ಬರೆ, ಮನೆಯ ಬಗ್ಗೆ ಬರೆ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ


ಸೋಮವಾರ, ಫೆಬ್ರವರಿ 5

ತಮ್ಮನಿಗೆ,

ಬಾಯಿಯ ಬಗ್ಗೆ ಬರೆ ಎಂದೆಯಲ್ಲ, ಬರೆಯುತ್ತೇನೆ. ನಿನ್ನ ಕಾಗದ ಓದಿ ಅದು ತೆರೆದದ್ದು ತೆರೆದ ಹಾಗೇ ಇದೆ.

ಎದ್ದು ಹೋಗುತ್ತೀಯಾ? ನೆರೆಮನೆಯವರ ಮಗು ಬಿದ್ದರೆ ಓಡಿಹೋಗಿ ಎತ್ತುತ್ತಾರೆ, ನಮ್ಮದೇ ಬಿದ್ದರೆ ಎದ್ದು ಆಚೆ ಹೋಗಬೇಕು, ಇದು ನಿಮ್ಮ ನಿಯಮ. ಒಳ್ಳೆಯ ನಿಯಮವಂತೆ! ನನ್ನ ಪರವಾಗಿ ಮಾತಾಡು ಎಂದು ನಾನೆಲ್ಲಿ ಕೇಳಿದೆ? ಅಲ್ಲಿ ಕೂತಿರು ಎಂದೆ. ನಾನು ತೊದಲಿದಾಗ ಅದು ಹೆದರಿಕೆಯೂ ಅಲ್ಲ ನಾಟಕವೂ ಅಲ್ಲ ಎಂದು ತಿಳಿದ ಒಂದು ಮುಖ ಎದುರಿಗೆ ಇರಲಿ ಎಂದು.

ನಿನ್ನೆ ನನ್ನ ಅಂಗಡಿಗೆ ಯಾರು ಬಂದಿದ್ದರು ಹೇಳು. ನನ್ನ ಹಲ್ಲು ಕಿತ್ತ ಆ ಸೆಟ್ಟಿನವನು. ಬಾಗಿಲಲ್ಲಿ ನಿಂತು ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ಒದ್ದಾಡುತ್ತಿದ್ದ. ಅವನನ್ನು ಕಂಡ ಕೂಡಲೇ ನನ್ನ ದವಡೆ ತಾನಾಗಿಯೇ ಮುಚ್ಚಿಕೊಂಡಿತು.

"ಅಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ನೀನು ನನ್ನ ಬಾಯಿ ಮೇಲೆ ಹೊಡೆದ್ಯಲ್ಲಪ್ಪಾ."

"ನಾನೇನು ಬೇಕೂಂತ ಮಾಡ್ತೀನಾ? ಸಾರ್ ಹೇಳ್ತಾರೆ, ನಾನು ಕೀಳ್ತೀನಿ. ಸೆಟ್ಟು ಮಾಡೋಕೆ ಸೇರ್ಕೊಂಡೆ. ಒಂದಿನ ರಶ್ ಇತ್ತು, ಅಲ್ಲಾಡೋ ಹಲ್ಲು ನೀನೇ ತೆಗೀ ಅಂದ್ರು. ಆಮೇಲೆ ಅಲ್ಲಾಡ್ದೇ ಇರೋದೂ ನನ್ನ ಪಾಲಿಗೇ ಬಂತು."

"ಇದನ್ನೇ ಸಮಿತಿ ಮುಂದೆ ಹೇಳ್ತೀಯಾ?"

"ಹೇಳಿದ್ರೆ ನಾಳೆ ಕೆಲಸ ಇರುತ್ತಾ ಅಮ್ಮಾ? ನೀವೇ ಹೇಳಿ."

ಅವನ ಅಂಗಿಯ ತೋಳು ಕಂಕುಳಲ್ಲಿ ಬಿಚ್ಚಿಕೊಂಡಿತ್ತು. ನಿಲ್ಲಿಸಿ ಎರಡು ಹೊಲಿಗೆ ಹಾಕಿ ಕಳಿಸಿದೆ. ಇವನ ಮೇಲೆ ನನ್ನ ಸಿಟ್ಟು ನಿಲ್ಲುವುದಿಲ್ಲ, ಅದೇ ಕಷ್ಟ. ಕೈ ಇವನದು, ಧೈರ್ಯ ಇನ್ನೊಬ್ಬರದು. ಆ ಇನ್ನೊಬ್ಬರು ಬಾಗಿಲ ಮೇಲೆ ಹೆಸರು ಬರೆಸಿಕೊಂಡಿದ್ದಾರೆ, ಜನ ಆ ಹೆಸರು ನಂಬಿ ಬಾಯಿ ತೆರೆಯುತ್ತಾರೆ.

ಮಾರ್ಚಿನಲ್ಲಿ ಬರಬೇಕೆಂದು ಪರಿಷತ್ತಿನಿಂದ ಕರೆ ಬಂದಿದೆ. ಬರುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ನಿಯಮ ಮುರಿದೀತು.

ಅಕ್ಕ


ಸೋಮವಾರ, ಮಾರ್ಚ್ 18

ತಮ್ಮನಿಗೆ,

ಬೇಡ ಎಂದರೂ ಬರೆಯುತ್ತಿದ್ದೇನೆ. ಬೇಕಾದರೆ ಓದದೆ ಹರಿದು ಹಾಕು.

ನಾನು ಒಳಗೆ ಬಂದೆ, ನೀನು ಎದ್ದೆ. ಕುರ್ಚಿಯನ್ನು ಸದ್ದಾಗದ ಹಾಗೆ ಒಳಗೆ ತಳ್ಳಿ, ನನ್ನ ಪಕ್ಕದಲ್ಲೇ ಹಾದು, ಮುಖ ನೋಡದೆ ಹೋದೆ. ನಿನ್ನ ಕಾಲರಿನ ಹಿಂದೆ ಒಂದು ದಾರ ಎದ್ದಿತ್ತು. ಕೈ ಹೋಗಿಬಿಟ್ಟಿತ್ತು, ಎಳೆದುಕೊಂಡೆ. ಅಲ್ಲಿಯವರೆಗೆ ನನಗೆ ಕೋಪ ಮಾತ್ರ ಇತ್ತು. ನಿನ್ನ ಬೆನ್ನು ನೋಡಿದಾಗ, ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಯಿತು. ನಮ್ಮ ಹುಡುಗ ನಿಯಮ ಎಂದರೆ ನಿಯಮ ಎಂದು.

ಆ ಹೆಮ್ಮೆ ನಾನು ತಿರುಗಿ ಮೇಜಿನ ಕಡೆ ನೋಡುವವರೆಗೆ ಮಾತ್ರ.

ಉಳಿದವರು ನಾಲ್ವರು. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು. ಆ ಮುಖ ನನಗೆ ಗೊತ್ತು. ಗಡಿಯಾರದ ಡಾಕ್ಟರ ಹೊರಕೋಣೆಯಲ್ಲಿ, ಬೆಂಚಿನ ಎದುರಿನ ಗೋಡೆಯಲ್ಲಿ, ದೊಡ್ಡ ಫೋಟೋ ಹಾಕಿದ್ದಾರೆ. ಕ್ಲಿನಿಕ್ ಉದ್ಘಾಟನೆಯದು. ಊದಿದ ಕೆನ್ನೆ ಹಿಡಿದುಕೊಂಡು ಎಷ್ಟು ಹೊತ್ತು ಅದನ್ನೇ ನೋಡಿದ್ದೆ! ರಿಬ್ಬನ್ ಕತ್ತರಿಸುವವರು ಕತ್ತರಿಯನ್ನು ಇಕ್ಕಳದ ಹಾಗೆ ಹಿಡಿದಿದ್ದಾರಲ್ಲ, ಬಟ್ಟೆಯಾಗಿದ್ದರೆ ಹಾಳಾಗುತ್ತಿತ್ತು ಎಂದುಕೊಂಡಿದ್ದೆ. ಪಕ್ಕದಲ್ಲಿ ಗಡಿಯಾರದ ಡಾಕ್ಟರು ಕೈಮುಗಿದು ನಿಂತಿದ್ದಾರೆ. ಆ ಕತ್ತರಿಯವರೇ ನನ್ನ ಎದುರಿಗೆ ಕೂತಿದ್ದರು ತಮ್ಮಾ! ಅವರು ಏಳಲಿಲ್ಲ.

ಡಾಕ್ಟರು ಒಳಗೆ ಬಂದು "ನಮಸ್ಕಾರ ಗುರುಗಳೇ" ಎಂದರು. ಇವರು "ಕೂತ್ಕೋ, ಕೂತ್ಕೋ" ಎಂದರು. ನನಗೆ ಕೂರಿ ಎನ್ನಲು ಮರೆತರು. ನಾನೇ ಕೂತೆ.

"ಏನು ಕೆಲಸ ಮಾಡ್ತೀರಮ್ಮಾ?"

"ಹೊಲಿಗೆ."

"ಸರಿ. ಏನಾಯ್ತು ಹೇಳಿ."

ಹೇಳಿದೆ. ಅರ್ಧದಲ್ಲಿ ಕೈ ಎತ್ತಿ ತಡೆದರು. "ಸ್ವಲ್ಪ ಸ್ಪಷ್ಟವಾಗಿ ಮಾತಾಡಿ, ಏನೂ ತಿಳೀತಿಲ್ಲ."

"ಸ್ಪಷ್ಟವಾಗಿ ಮಾತಾಡೋ ಹಾಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ ಸಾರ್?"

ಒಬ್ಬರಿಗೆ ಮಾತ್ರ ನಗು ಬಂತು. ಕೊನೆಯಲ್ಲಿ ಕೂತಿದ್ದ ಹೆಣ್ಣುಮಗಳು. ಆಮೇಲೆ ಅವರೂ ತಲೆ ತಗ್ಗಿಸಿದರು. ಕೆಲವರಿಗೆ ಸ್ಪರ್ಶ ಇದ್ದರೂ ಇಲ್ಲ ಅನಿಸುತ್ತದೆ, ಮನಸ್ಸಿನ ಭ್ರಮೆ ಎಂದು ಇನ್ನೊಬ್ಬರು ಹೇಳಿದರು. ನಾನು ಸೆರಗಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ಮೇಜಿನ ಮೇಲಿಟ್ಟು, "ಚುಚ್ಚಿ ನೋಡಿ" ಎಂದೆ. ಯಾರೂ ಮುಟ್ಟಲಿಲ್ಲ. ಪಿನ್ನು ಅಲ್ಲೇ ಇತ್ತು, ಅದರ ಪಕ್ಕದಲ್ಲಿ ಕಾಗದ ಹಾರದ ಹಾಗೆ ಇಟ್ಟಿದ್ದ ಗಾರೆಯ ದವಡೆಯ ಜೋಡಿ, ಮೂವತ್ತೆರಡೂ ಹಲ್ಲು ಕಿರಿದುಕೊಂಡು.

ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ. "ನೀನು ಅಲ್ಲೇ ಇದ್ದೆಯಲ್ಲ?"

"ಇದ್ದೆ ಸಾರ್. ನನ್ನ ಮೇಲ್ವಿಚಾರಣೆಯಲ್ಲೇ ಆಯ್ತು."

"ಅಲ್ಲೇ ಅಂದ್ರೆ ಎಲ್ಲಿ ಅಂತ ಕೇಳಿ ಸಾರ್" ಎಂದೆ. "ಕೋಣೆಯಲ್ಲೋ, ಬೀದಿಯಲ್ಲೋ? ಯಾರು ಕಿತ್ತರು ಅಂತ ಕೇಳಿ. ಅದೊಂದು ಕೇಳಿ."

"ಆಯ್ತಮ್ಮಾ, ದಾಖಲಾಗಿದೆ. ನೀವು ಒಪ್ಪಿಗೆಗೆ ಸಹಿ ಹಾಕಿದ್ದೀರಲ್ಲ?"

ಹಾಕಿದ್ದೆ. ಹಲ್ಲು ಕೀಳಲು ಒಪ್ಪಿದ್ದೆ. ಯಾರು ಬೇಕಾದರೂ ಬಂದು ಕೀಳಲಿ ಎಂದು ಒಪ್ಪಿದ್ದೆನೇ?

ಹೊರಗೆ ಬಂದಾಗ ನೀನು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದೆ. ಈಗ ನನ್ನ ಪ್ರಶ್ನೆ ಒಂದೇ. ನೀನು ನನ್ನ ತಮ್ಮ ಎಂದು ಎದ್ದೆ. ಅವರು ಯಾಕೆ ಏಳಲಿಲ್ಲ? ಅವರು ಯಾರೆಂದು ನಿನಗೆ ಗೊತ್ತಿತ್ತೇ?

ಅಕ್ಕ


ಮಾರ್ಚ್ 27

ಅಕ್ಕಾ,

ಗೊತ್ತಿತ್ತು.

ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಆ ಡಾಕ್ಟರಿಗೆ ಪಾಠ ಹೇಳಿದವರು, ನನಗೂ ಹೇಳಿದವರು. ಇಕ್ಕಳ ಹಿಡಿಯುವುದನ್ನು ನನ್ನ ಬೆರಳು ಹಿಡಿದು ಕಲಿಸಿದವರು. ಈ ಕಸುಬಿನಲ್ಲಿ ಅರ್ಧ ಜನ ಅವರ ಶಿಷ್ಯರು. ಆ ಉದ್ಘಾಟನೆಯ ಊಟಕ್ಕೆ ನಾನೂ ಹೋಗಿದ್ದೆ, ಫೋಟೋ ತೆಗೆಯುವಾಗ ಕೈ ತೊಳೆಯುತ್ತಿದ್ದೆ ಅಷ್ಟೇ.

ನಿಯಮದಲ್ಲಿ ಬರೆದಿರುವುದು ರಕ್ತಸಂಬಂಧ ಮತ್ತು ವ್ಯವಹಾರದ ಪಾಲು. ಗುರು ಶಿಷ್ಯ ಎಂದು ಬರೆದಿಲ್ಲ. ಅದನ್ನೂ ಸೇರಿಸಿದರೆ ಆ ಐದು ಕುರ್ಚಿಗಳಲ್ಲಿ ಕೂರಲು ಯಾರೂ ಉಳಿಯುವುದಿಲ್ಲ. ಹಲ್ಲಿನ ಕೆಲಸ ಸರಿಯೋ ತಪ್ಪೋ ಎಂದು ಹೇಳಲು ಹಲ್ಲಿನ ಡಾಕ್ಟರೇ ಬೇಕು. ಹಲ್ಲಿನ ಡಾಕ್ಟರು ಎಂದರೆ ಒಬ್ಬರಿಗೊಬ್ಬರು ಗೊತ್ತಿರುವವರೇ.

ಇದಕ್ಕಿಂತ ಹೆಚ್ಚು ಬರೆಯಬಾರದು. ಇಷ್ಟೂ ಬರೆಯಬಾರದಿತ್ತು. ತೀರ್ಮಾನ ನಿನಗೆ ಅಂಚೆಯಲ್ಲಿ ಬರುತ್ತದೆ. ತುಟಿಯಲ್ಲಿ ಜುಮ್ಮೆನ್ನುವುದು ಶುರುವಾಗಿದೆಯೇ? ಆಗಿದ್ದರೆ ಒಳ್ಳೆಯ ಲಕ್ಷಣ. ತಿಳಿಸು.

ತಮ್ಮ


ಸೋಮವಾರ, ಏಪ್ರಿಲ್ 22

ಪರಿಷತ್ತಿನ ಸದಸ್ಯರಿಗೆ,

ಸಮಿತಿಯ ತೀರ್ಮಾನ ಬಂತು. ಜುಮ್ಮೆನ್ನುವುದು ಬಂದಿಲ್ಲ.

"ಇಂಥ ಚಿಕಿತ್ಸೆಯಲ್ಲಿ ಯಾವುದೇ ನುರಿತ ಕೈಯಲ್ಲೂ ನರಕ್ಕೆ ಪೆಟ್ಟಾಗುವ ಸಂಭವ ಇರುವುದರಿಂದ ಸದರಿ ವೈದ್ಯರ ಲೋಪ ಕಂಡುಬಂದಿಲ್ಲ" ಎಂದು ಬರೆದಿದ್ದಾರೆ. ನಾನು ಕೇಳಿದ್ದು ಯಾರು ಕಿತ್ತರು ಎಂದು. ಅವರು ಹೇಳಿದ್ದು ಯಾರು ಕಿತ್ತರೂ ಹೀಗಾಗಬಹುದಿತ್ತು ಎಂದು. ಮನೆಗೆ ಕಳ್ಳ ಬಂದ ಎಂದು ಹೇಳಿದರೆ, ಬಟ್ಟಲು ತಾನಾಗಿ ಕಳೆದುಹೋಗುವುದೂ ಉಂಟು ಎಂದ ಹಾಗಾಯಿತು. ನುರಿತ ಕೈಯಂತೆ! ಆ ಕೈ ಯಾರದೆಂದೇ ಕೇಳದೆ ಅದು ನುರಿತದ್ದು ಎಂದು ಹೇಗೆ ಕಂಡುಬಂತು? ಬರೆದವರಿಗೆ ನಾಚಿಕೆಯಾಗಲಿಲ್ಲವೇ? ಸಹಿ ಹಾಕಿದವರಿಗೆ?

ಕಾಗದವನ್ನು ದೇವರ ಮುಂದೆ ಇಟ್ಟು ಕೂತೆ. ಸಿಟ್ಟು ಕೊಡಬೇಡ ಎಂದು ಕೇಳಿಕೊಳ್ಳೋಣ ಎಂದು. ಬಾಯಿಗೆ ಬಂದದ್ದು ಬೇರೆ. ಸಿಟ್ಟು ಇಷ್ಟು ಬೇಗ ಇಳಿಸಬೇಡ ಎಂದು ಬೇಡಿಕೊಂಡು ಎದ್ದೆ. ಚಪ್ಪಲಿ ಮೆಟ್ಟಿ ನೇರ ಸಂತೆ ಬೀದಿಗೆ ಹೋದೆ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬಳು, ಇಸ್ತ್ರಿ ಅಂಗಡಿಯವಳು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು.

"ಯಾವ ಹಲ್ಲಮ್ಮಾ?"

"ಹಿಂದಿಂದು ಅಕ್ಕಾ, ಕೆಳಗಡೆ."

"ಯಾರು ಕೀಳ್ತಾರೆ ಅಂತ ಕೇಳಿದ್ಯಾ?"

"ಡಾಕ್ಟ್ರೇ ಅಲ್ವಾ? ಮತ್ಯಾರು ಕೀಳ್ತಾರೆ?"

"ಕೇಳು. ಕೇಳೋದಕ್ಕೇನು."

ಚೀಟಿ ಬರೆಯುವ ಹುಡುಗಿ ತಲೆ ಎತ್ತಿದಳು. "ಏನಮ್ಮಾ, ನಿಮ್ಮದು ತೀರ್ಮಾನ ಆಯ್ತಂತಲ್ಲ. ಮತ್ತೆ ಯಾಕ್ಬಂದ್ರಿ?"

"ಕೂತ್ಕೊಳ್ಳೋಕೆ. ಬೆಂಚು ಖಾಲಿ ಇತ್ತು."

"ಹಾಗೆಲ್ಲಾ ಸುಮ್ಮನೆ ಕೂತ್ಕೊಳ್ಳೋ ಹಾಗಿಲ್ಲ."

"ಡಾಕ್ಟ್ರು ಇಲ್ಲದಿದ್ರೂ ಹಲ್ಲು ಕೀಳ್ಬಹುದಂತೆ, ಹಲ್ಲುನೋವು ಇಲ್ಲದಿದ್ರೆ ಕೂತ್ಕೊಳ್ಬಾರ್ದಾ?"

ಇಸ್ತ್ರಿಯವಳು ನನ್ನನ್ನೂ ಅವಳನ್ನೂ ನೋಡಿದಳು. ಎದ್ದು ಚೀಟಿ ಕೊಡುವ ಕಿಟಕಿಯ ಹತ್ತಿರ ಹೋಗಿ, "ನನ್ ಹಲ್ಲು ಯಾರು ಕೀಳ್ತಾರೆ?" ಎಂದು ಕೇಳಿದಳು. ಒಳಗಿನಿಂದ ಸೆಟ್ಟಿನವನು ಇಣುಕಿದ, ನನ್ನನ್ನು ಕಂಡು ಹಿಂದಕ್ಕೆ ಸರಿದ. ಕೊನೆಗೆ ಗಡಿಯಾರದ ಡಾಕ್ಟರೇ ಹೊರಗೆ ಬಂದರು. ನನ್ನನ್ನು ನೋಡಿದರು, ಅವಳನ್ನು ನೋಡಿದರು, ಕೈಗಡಿಯಾರ ಬಿಚ್ಚಿ ಕಿಸೆಗೆ ಹಾಕಿಕೊಂಡರು. "ಬಾರಮ್ಮಾ, ಮೊದಲು ಒಂದು ಫೋಟೋ ತೆಗೆಯೋಣ" ಎಂದರು.

ಅವಳು ಹತ್ತಿ ಕಚ್ಚಿಕೊಂಡು ಹೊರಗೆ ಬರುವವರೆಗೆ ಕೂತಿದ್ದೆ.

ಈಗ ಕೇಳಿ, ಸದಸ್ಯರೇ. ನಾನು ಆವತ್ತು ಒಂದು ಬೆಂಚಿನ ಮೇಲೆ ಒಂದು ಗಳಿಗೆ ಮಾಡಿದ ಕೆಲಸವನ್ನು ಎಲ್ಲ ಬೆಂಚುಗಳ ಮೇಲೆ ದಿನಾಲೂ ಮಾಡಲಿ ಎಂದೇ ಅಲ್ಲವೇ ನಿಮ್ಮನ್ನು ಆ ಮೇಜಿನ ಸುತ್ತ ಕೂರಿಸಿರುವುದು? ದಿನಾ ಹೋಗಿ ಕೂರಲು ನನಗೆ ಆಗುವುದಿಲ್ಲ, ಹೊಲಿಗೆ ಇದೆ. ಕಂಡವರ ಬಾಯಿ ಕಾಯಲು ಒಬ್ಬೊಬ್ಬರಿಗೂ ಒಬ್ಬ ಅಕ್ಕ ಇರುವುದಿಲ್ಲ. ಅದಕ್ಕೇ ಸಮಿತಿ. ನೀವು ಕಾಯುತ್ತಿರುವುದು ಯಾರನ್ನು?

ಕೂರಲು ಯಾರೂ ಉಳಿಯುವುದಿಲ್ಲ ಎಂದೆಯಲ್ಲ. ನಾವು ಉಳಿಯುತ್ತೇವೆ. ಬಾಯಲ್ಲಿ ಹಲ್ಲಿರುವವರೆಲ್ಲ ಉಳಿಯುತ್ತೇವೆ. ನರ ಎಲ್ಲಿದೆ ಎಂದು ಹೇಳಲು ಡಾಕ್ಟರು ಬೇಕು, ಒಪ್ಪಿದೆ. ಬಾಗಿಲಿನಿಂದ ಒಳಗೆ ಬಂದವನು ಡಾಕ್ಟರೋ ಅಲ್ಲವೋ ಎಂದು ಕೇಳಲು ಎಷ್ಟು ಓದಬೇಕು?

ನೀನು ಎದ್ದು ಹೋದದ್ದು ಸರಿ ಎಂದು ಈಗ ನನಗೆ ಅರ್ಥವಾಗಿದೆ. ಅರ್ಥವಾದದ್ದರಿಂದಲೇ ಹೊಟ್ಟೆ ಉರಿಯುತ್ತಿದೆ. ನೀನು ಒಬ್ಬ ಎದ್ದು, ಏಳದವರಿಗೆ ಕೋಣೆ ಬಿಟ್ಟುಕೊಟ್ಟೆ. ಅಧ್ಯಕ್ಷರೇ ನೀವೂ ಏಳಿ ಎಂದು ಬಾಗಿಲು ದಾಟುವ ಮೊದಲು ಒಂದು ಮಾತು ಹೇಳಲಿಲ್ಲ. ಕುರ್ಚಿ ಸದ್ದಾಗದ ಹಾಗೆ ತಳ್ಳಿದೆಯಲ್ಲ, ಆ ನಯ ಯಾರಿಗಾಗಿ?

ಆಶೀರ್ವಾದ ಈ ಸಲ ಬರೆಯುತ್ತಿಲ್ಲ.

ದೂರುದಾರಳು


ಜುಲೈ 13

ಅಕ್ಕನಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯದೆ ಇದ್ದದ್ದು ನಿನ್ನ ಮೇಲಿನ ಮುನಿಸಿನಿಂದಲ್ಲ. ಬರೆಯಲು ಏನಾದರೂ ಇರಲಿ ಎಂದು ಕಾದೆ.

ಜೂನಿನಲ್ಲಿ ಇಡೀ ಪರಿಷತ್ತಿನ ಸಭೆ ಇತ್ತು. ಸಮಿತಿಗಳ ತೀರ್ಮಾನಗಳಿಗೆಲ್ಲ ಒಟ್ಟಿಗೆ ಒಪ್ಪಿಗೆ ಕೊಟ್ಟು ಚಹಾಕ್ಕೆ ಏಳುವುದು ವಾಡಿಕೆ. ನಾನು ಕೈ ಎತ್ತಿದೆ. ಅಧ್ಯಕ್ಷರು, "ಅದು ನಿಮ್ಮಕ್ಕನ ವಿಷಯ, ನೀವು ಮಾತಾಡೋ ಹಾಗಿಲ್ಲ" ಎಂದರು.

"ಅಕ್ಕನ ಬಗ್ಗೆ ಒಂದಕ್ಷರ ಆಡೋದಿಲ್ಲ ಸಾರ್. ನಿಮ್ಮ ಬಗ್ಗೆ ಮಾತಾಡ್ತೀನಿ" ಎಂದೆ.

ಎದುರಿಗಿದ್ದವರು ಯಾರು ಅಕ್ಕಾ? ನನ್ನ ಬೆರಳು ಹಿಡಿದು ಕಲಿಸಿದವರು. ಫೋಟೋದ ವಿಷಯ ಹೇಳಿದೆ. ಅವರು ಆ ಡಾಕ್ಟರಿಗೆ ಗುರುಗಳು, ನನಗೂ ಗುರುಗಳು ಎಂದೆ. ಅವತ್ತು ಏಳುವಾಗ ನಾನು ಈ ಮಾತು ಹೇಳಬೇಕಿತ್ತು, ಹೇಳಲಿಲ್ಲ ಎಂದೆ. ಕೊನೆಯ ಕುರ್ಚಿಯಲ್ಲಿ ಕೂರುತ್ತಿದ್ದ ಆ ಮೇಡಂ ಇದ್ದರಲ್ಲ, ಅವರು ಎದ್ದು, "ಸಾರ್, ಆ ಕ್ಲಿನಿಕ್ ಉದ್ಘಾಟನೆ ನೀವೇ ಮಾಡಿದ್ದು ನಿಜವಾ?" ಎಂದು ಕೇಳಿದರು.

"ನೂರು ಕ್ಲಿನಿಕ್ ಉದ್ಘಾಟನೆ ಮಾಡಿದ್ದೀನಮ್ಮಾ, ಎಲ್ಲಾ ನೆನಪಿರುತ್ತಾ?"

"ಹಾಗಾದ್ರೆ ನೂರು ಸಲ ಎದ್ದು ಹೋಗ್ಬೇಕಾಗುತ್ತೆ ಸಾರ್."

ಯಾರೂ ನಗಲಿಲ್ಲ. ಚಹಾ ಆರಿತು. ಕೊನೆಗೆ ಮತಕ್ಕೆ ಹಾಕಿದರು. ತೀರ್ಮಾನ ಬಿದ್ದುಹೋಯಿತು. ಹೊಸ ಸಮಿತಿ ಮೊದಲಿನಿಂದ ಕೇಳುತ್ತದೆ. ಅದರಲ್ಲಿ ಇಬ್ಬರು ಹೊರಗಿನವರು, ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರು, ವಕೀಲರು ಒಬ್ಬರು. ಉಳಿದವರು ಬೇರೆ ಕಾಲೇಜಿನಲ್ಲಿ ಓದಿದವರು. ನಾನು ಸಮಿತಿ ಬಿಟ್ಟೆ. ಬಿಡು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಗುರುಗಳು ನನ್ನ ಕಡೆ ಕಳಿಸುತ್ತಿದ್ದ ರೋಗಿಗಳು ಬರುವುದು ನಿಂತಿದೆ. ಮೊನ್ನೆ ಎದುರಿಗೆ ಸಿಕ್ಕಾಗ ನಮಸ್ಕರಿಸಿದೆ, ಅವರು ರಸ್ತೆಯ ಆಚೆ ಬದಿಗೆ ಹೋದರು. ಅದರಿಂದ ಬಹಳ ನೋವಾಯಿತು, ಸುಳ್ಳೇಕೆ ಹೇಳಲಿ.

ಇದೆಲ್ಲ ಆದ ಮೇಲೂ ಹೊಸ ಸಮಿತಿ ಏನು ಹೇಳುತ್ತದೋ ಗೊತ್ತಿಲ್ಲ. ನೀನು ಏನು ಕಂಡೆ ಎನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಮಾತಾಡಲು ಕಷ್ಟವಿರುವವರು ಬರವಣಿಗೆಯಲ್ಲಿ ಉತ್ತರ ಕೊಡಬಹುದು ಎಂದು ಒಪ್ಪಿದ್ದಾರೆ, ಪ್ರಶ್ನೆಗಳು ನಿನಗೆ ಬಂದಿರಬೇಕು. ಹೇಳಿ ಕಳಿಸಿದರೆ ಕಚೇರಿಯ ಆಳೇ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಆದರೆ ಅದೆಲ್ಲ ಯಾಕೆ, ಮುಂದಿನ ಭಾನುವಾರ ನಾನೇ ಬರುತ್ತೇನೆ. ಬರೆದಿಟ್ಟಿರು. ಒಂದು ಸಲ ಓದಿ, ಕಸುಬಿನ ಮಾತುಗಳನ್ನು ಸರಿಮಾಡಿ, ನಾನೇ ಕೈಯಾರೆ ತಲುಪಿಸುತ್ತೇನೆ.

ಈ ಸಲವಾದರೂ ಆಶೀರ್ವಾದ ಬರೆ.

ನಿನ್ನ ತಮ್ಮ


ಸೋಮವಾರ, ಜುಲೈ 22

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನೆ ಭಾನುವಾರ ನೀನು ಬಂದಾಗ ಬಾಗಿಲಿಗೆ ಬೀಗ ಇತ್ತಲ್ಲ, ಬೇಕೆಂದೇ ಹಾಕಿಕೊಂಡು ಹೋಗಿದ್ದೆ. ನಿನ್ನ ಭಾವನನ್ನೂ ಕರೆದುಕೊಂಡು ಹೋದೆ, ಇಲ್ಲದಿದ್ದರೆ ಅವರು ನನ್ನ ಸನ್ನೆ ಅರ್ಥವಾಗದೆ ಬಾಗಿಲು ತೆಗೆದುಬಿಡುತ್ತಿದ್ದರು. ಎರಡು ಬಸ್ಸು ಹತ್ತಿ ಬಂದ ತಮ್ಮನನ್ನು ಮೆಟ್ಟಿಲ ಮೇಲಿಂದ ಕಳಿಸಿದ ಪಾಪ ನನಗಿರಲಿ. ಎದುರಿಗೆ ಸಿಕ್ಕಿದ್ದರೆ ಬೇಡ ಎನ್ನಲು ನನ್ನಿಂದ ಆಗುತ್ತಿರಲಿಲ್ಲ.

ಏನು ಕೆಲಸ ಮಾಡಲು ಹೊರಟಿದ್ದೆ ಮಾರಾಯಾ! ತಿದ್ದುತ್ತೀಯಾ? ಕೈಯಾರೆ ತಲುಪಿಸುತ್ತೀಯಾ? ಅಷ್ಟು ಜನರ ಎದುರಿಗೆ ಗುರುಗಳನ್ನು ಏಳಿ ಎಂದವನು ನೀನೇ, ಈಗ ಅಕ್ಕನ ಸಾಕ್ಷಿ ಕಂಕುಳಲ್ಲಿ ಇಟ್ಟುಕೊಂಡು ಅದೇ ಬಾಗಿಲಲ್ಲಿ ಹೋಗುತ್ತೀಯಾ? ನಾಳೆ ಗಡಿಯಾರದ ಡಾಕ್ಟರು ಎದ್ದು ನಿಂತು, ಇದನ್ನು ಬರೆದವರು ಯಾರು, ತಂದವರು ಯಾರು ಎಂದು ಕೇಳಿದರೆ? ಅವರು ಕೇಳುವುದರಲ್ಲಿ ತಪ್ಪೇನಿರುತ್ತದೆ? ನೀನು ರಸ್ತೆಯಲ್ಲಿ ನಮಸ್ಕಾರ ಕಳೆದುಕೊಂಡದ್ದೂ ದಂಡ, ನನ್ನ ತುಟಿಯೂ ದಂಡ.

ಕಸುಬಿನ ಮಾತು ನನಗೆ ಬೇಡ. ಅವರು ಕೇಳಿದ್ದಕ್ಕೆ ನನಗೆ ಬಂದ ಹಾಗೆ ಬರೆದಿದ್ದೇನೆ. ಡಾಕ್ಟರು ಇಂಜೆಕ್ಷನ್ ಕೊಟ್ಟು ಹೊರಗೆ ಹೋದದ್ದು. ಕಿತ್ತವನು ಬೇರೆಯವನು, ಹಿಂದಿನ ಕೋಣೆಯಲ್ಲಿ ಸೆಟ್ಟು ಮಾಡುವವನು. ಅದನ್ನು ಬರೆಯುವಾಗ ಕೈ ನಿಂತಿತು. ಅವನ ತೋಳಿಗೆ ಹೊಲಿಗೆ ಹಾಕಿ ಕಳಿಸಿದವಳು ನಾನು. ಅವನ ಕೈ ಎಂದು ಬರೆಯದೆ ಇನ್ನಾರ ಕೈ ಎಂದು ಬರೆಯಲಿ? ಬರೆದೆ. ಆ ಕೈಯನ್ನು ಅಲ್ಲಿಗೆ ಕಳಿಸಿದವರು ಯಾರು, ಅವನನ್ನು ಕೇಳಿ, ಹೆದರಿಸದೆ ಕೇಳಿ ಎಂದು ಕೆಳಗೆ ಸೇರಿಸಿದ್ದೇನೆ. ಕೆಲಸ ಹೋದರೆ ನನ್ನ ಅಂಗಡಿಗೆ ಬರಲಿ, ಗುಂಡಿಗೆ ಕಾಜಾ ಹಾಕುವುದು ಕಲಿಸುತ್ತೇನೆ. ಅದನ್ನು ಸಮಿತಿಗೆ ಬರೆದಿಲ್ಲ, ನಿನಗೆ ಹೇಳುತ್ತಿದ್ದೇನೆ.

ತುಟಿ ಹಾಗೇ ಇದೆ. ಸ್ಪರ್ಶ ಇನ್ನು ಬರುವುದಿಲ್ಲ ಎಂದು ನೀನು ಹೇಳಲಾರೆ, ನಾನು ಕೇಳುವುದಿಲ್ಲ. ಪಿನ್ನುಗಳನ್ನು ಈಗ ಮಣಿಕಟ್ಟಿಗೆ ಕಟ್ಟಿಕೊಂಡ ಮೆತ್ತೆಗೆ ಚುಚ್ಚಿಕೊಳ್ಳುತ್ತೇನೆ. ಸ್ತೋತ್ರ ತೊದಲಿಕೊಂಡೇ ಹೇಳುತ್ತೇನೆ, ಗಟ್ಟಿಯಾಗಿ.

ಎಲ್ಲ ಮುಗಿದ ಮೇಲೆ, ಯಾರ ಕಡೆ ಆಗಲಿ, ಬಾ. ಬೀಗ ಇರುವುದಿಲ್ಲ. ಈಗ ಒಂದು ಕೆಲಸ ಮಾಡು. ಉತ್ತರ ಲಕೋಟೆಗೆ ಹಾಕಿ ಅಂಟಿಸಿ ಮಿಷನ್ನಿನ ಮೇಲಿಟ್ಟಿದ್ದೇನೆ. ಆ ಕಚೇರಿಗೆ ಹೇಳಿ ಕಳಿಸು. ನನಗೆ ಅಣ್ಣನೂ ಅಲ್ಲದ ತಮ್ಮನೂ ಅಲ್ಲದ, ಆ ಡಾಕ್ಟರಿಗೆ ಗುರುವೂ ಅಲ್ಲದ ಶಿಷ್ಯನೂ ಅಲ್ಲದ ಯಾರಾದರೂ ಒಬ್ಬರು ಬಂದು ಅದನ್ನು ತೆಗೆದುಕೊಂಡು ಹೋಗಲಿ.

ಇಂತು,
ನಿನ್ನ ಅಕ್ಕ